ಪರ್ಮನೆಂಟ್ ಫಿಲ್ಲರ್: ಚುಚ್ಚಿಸಿಕೊಳ್ಳುವ ಮೊದಲು ಏನು ಕೇಳಬೇಕು, ಆಗಲೇ ಚುಚ್ಚಿಸಿಕೊಂಡಿದ್ದರೆ ಏನು ಮಾಡಬೇಕು?

ಫಿಲ್ಲರ್ ಅಂದರೆ ಸುಕ್ಕು, ಗುಳಿ ತುಂಬಲು ಅಥವಾ ತುಟಿ, ಕೆನ್ನೆ ಉಬ್ಬಿಸಲು ಚರ್ಮದಡಿ ಚುಚ್ಚುವ ವಸ್ತು. ಅದನ್ನು ಮಾಡಿಸಲು ಹೋದವರು ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟಾಗುತ್ತೆ? ಎಷ್ಟು ದಿನ ಇರುತ್ತೆ? ಪರ್ಮನೆಂಟ್ ಫಿಲ್ಲರ್ ಈ ಎರಡಕ್ಕೂ ಮನಸ್ಸಿಗೆ ಹಿತವಾದ ಉತ್ತರ ಕೊಡುತ್ತದೆ. ಒಂದು ಸಲ ದುಡ್ಡು ಕೊಟ್ಟರೆ ಸಾಕು, ಜೀವನಪೂರ್ತಿ ಇರುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಏನಾದರೂ ಎಡವಟ್ಟಾದರೆ ಇದನ್ನು ವಾಪಸ್ ತೆಗೆಯಲು ಆಗುತ್ತಾ? ಪರ್ಮನೆಂಟ್ ಫಿಲ್ಲರ್ ವಿಷಯದಲ್ಲಿ ಇದಕ್ಕೆ ಉತ್ತರ, ಪೂರ್ತಿಯಾಗಿ ಆಗುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಒಂದು ಉತ್ತರದ ಮೇಲೆ ನಿಂತಿವೆ.

ಹಂತ 1: ಸಿರಿಂಜಿನಲ್ಲಿ ಏನಿದೆ ಅಂತ ಹೆಸರು ಹಿಡಿದು ಕೇಳಿ

ಫಿಲ್ಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕರಗುವವು, ಕರಗದವು. ಇವತ್ತು ಜಾಸ್ತಿ ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್. ಇದು ನಮ್ಮ ಚರ್ಮದಲ್ಲೂ ಇರುವ ವಸ್ತು. ಯಾವ ಜಾಗಕ್ಕೆ ಹಾಕಿದ್ದಾರೆ ಅನ್ನುವುದರ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಇದರ ಪರಿಣಾಮ ಇಳಿಯುತ್ತದೆ. ಆಕಾರ ಕೆಟ್ಟರೆ ಹಯಲುರಾನಿಡೇಸ್ ಎಂಬ ಎಂಜೈಮ್ ಚುಚ್ಚಿ ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಪಾಲಿ ಲ್ಯಾಕ್ಟಿಕ್ ಆಸಿಡ್ ಎಂಬ ಇನ್ನೆರಡು ಇವೆ. ಇವನ್ನು ಹೀಗೆ ಕರಗಿಸಲು ಆಗುವುದಿಲ್ಲ. ಆದರೆ ಕಾಲ ಕಳೆದಂತೆ ದೇಹವೇ ಇವನ್ನು ಹೀರಿಕೊಳ್ಳುತ್ತದೆ.

ಕರಗದವುಗಳಲ್ಲಿ ನೆನಪಿಡಬೇಕಾದ ಹೆಸರು ಮೂರು. ಪಿಎಂಎಂಎ, ಅಂದರೆ ಪಾಲಿಮಿಥೈಲ್ ಮೆಥಾಕ್ರಿಲೇಟ್. ದ್ರವ ಸಿಲಿಕೋನ್. ಪಾಲಿಅಕ್ರಿಲಮೈಡ್ ಜೆಲ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯಕ್ಕಾಗಿ ಒಪ್ಪಿರುವ ಕರಗದ ಫಿಲ್ಲರ್ ಪಿಎಂಎಂಎ ಒಂದೇ. ಅದಕ್ಕೂ ಮಿತಿ ಇದೆ. 2006ರಲ್ಲಿ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಗೆ ಒಪ್ಪಿಗೆ ಸಿಕ್ಕಿತು, 2014ರಲ್ಲಿ ಕೆನ್ನೆಯ ಮೊಡವೆ ಗುಳಿಗೆ. ತುಟಿಗೆ ಒಪ್ಪಿಗೆ ಇಲ್ಲ. ಎದೆಗೆ, ನಿತಂಬಕ್ಕೆ ಖಂಡಿತ ಇಲ್ಲ. ದ್ರವ ಸಿಲಿಕೋನ್ ಚುಚ್ಚಿ ಮೈಗೆ ಆಕಾರ ಕೊಡುವುದರ ವಿರುದ್ಧ ಎಫ್‌ಡಿಎ 2017ರಲ್ಲಿ ಜನರಿಗೆ ನೇರವಾಗಿಯೇ ಎಚ್ಚರಿಕೆ ಕೊಟ್ಟಿದೆ. ಪಾಲಿಅಕ್ರಿಲಮೈಡ್ ಜೆಲ್ಲನ್ನು ಚೀನಾದಲ್ಲಿ ಬಹಳ ಹೆಂಗಸರ ಎದೆಗೆ ಚುಚ್ಚಿದ್ದರು. ತೊಂದರೆಗಳು ಹೆಚ್ಚಾದ ಮೇಲೆ 2006ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು.

ಸಿಲಿಕೋನ್ ಇಂಪ್ಲಾಂಟ್ ಬೇರೆ. ಅದು ಚೀಲದೊಳಗೆ ಇರುತ್ತದೆ, ಆಪರೇಷನ್ ಮಾಡಿ ಹೊರಗೆ ತೆಗೆಯಬಹುದು. ಇಲ್ಲಿ ಹೇಳುತ್ತಿರುವುದು ಮಾಂಸದೊಳಗೆ ನೇರವಾಗಿ ಬಿಡುವ ದ್ರವದ ಬಗ್ಗೆ.

ಪ್ರಶ್ನೆ ಕೇಳಿದಾಗ ‘ಇಂಪೋರ್ಟೆಡ್ ಮೆಟೀರಿಯಲ್’, ‘ಕೊರಿಯನ್ ಜೆಲ್’, ‘ವಿಟಮಿನ್ ಫಿಲ್ಲರ್’ ಅಂತ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ವಸ್ತುವಿನ ಹೆಸರು ಹೇಳದವರ ಕೈಗೆ ಮುಖ ಕೊಡಬೇಡಿ. ಪಿಎಂಎಂಎ ಕಣ್ಣಿನ ಲೆನ್ಸ್‌ಗೂ ಬಳಸುವ ವಸ್ತು, ಹಾಗಾಗಿ ಏನೂ ಆಗಲ್ಲ ಅಂತಲೂ ಹೇಳುವವರಿದ್ದಾರೆ. ಲೆನ್ಸ್‌ಗೆ ಬಳಸುವುದು ನಿಜ. ಆದರೆ ಲೆನ್ಸ್ ಒಂದೇ ತುಂಡು, ಬೇಕೆಂದರೆ ತೆಗೆಯಬಹುದು. ಫಿಲ್ಲರ್‌ನಲ್ಲಿ ಇರುವುದು ಲೆಕ್ಕವಿಲ್ಲದಷ್ಟು ಕಣಗಳು.

ಹಂತ 2: ಚರ್ಮದ ಒಳಗೆ ಏನಾಗುತ್ತದೆ ಅಂತ ಅರ್ಥ ಮಾಡಿಕೊಳ್ಳಿ

ಈ ಹಂತವನ್ನು ದಾಟಿಸಿ ಓದಬೇಡಿ.

ಪಿಎಂಎಂಎ ಫಿಲ್ಲರ್‌ನಲ್ಲಿ 30ರಿಂದ 50 ಮೈಕ್ರಾನ್ ಗಾತ್ರದ ಪ್ಲಾಸ್ಟಿಕ್ ಗುಂಡುಗಳಿರುತ್ತವೆ. ಅವು ಹಸುವಿನ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಜೆಲ್‌ನಲ್ಲಿ ತೇಲುತ್ತಿರುತ್ತವೆ. ಕೆಲವರಿಗೆ ಈ ಕೊಲಾಜೆನ್ ಅಲರ್ಜಿ ಆಗುತ್ತದೆ. ಅದಕ್ಕೇ ನಾಲ್ಕು ವಾರ ಮೊದಲು ಸ್ಕಿನ್ ಟೆಸ್ಟ್ ಮಾಡಬೇಕು. ಟೆಸ್ಟ್ ಇಲ್ಲದೆ ಇವತ್ತೇ ಹಾಕಿಬಿಡೋಣ ಅನ್ನುವವರನ್ನು ನಂಬಬೇಡಿ. ಚುಚ್ಚಿದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ಹಸುವಿನ ಕೊಲಾಜೆನ್ ಹೋಗುತ್ತದೆ, ಗುಂಡುಗಳು ಉಳಿಯುತ್ತವೆ. ನಮ್ಮ ರಕ್ಷಣಾ ಕಣಗಳು ಅವನ್ನು ನುಂಗಲು ನೋಡುತ್ತವೆ. ಗಾತ್ರ ದೊಡ್ಡದು, ಆಗುವುದಿಲ್ಲ. ಆಗ ದೇಹ ಪ್ರತಿ ಗುಂಡಿನ ಸುತ್ತಲೂ ತನ್ನದೇ ಕೊಲಾಜೆನ್ನಿನ ಗೋಡೆ ಕಟ್ಟುತ್ತದೆ. ಫಿಲ್ಲರ್‌ನ ಉಬ್ಬು ಬರುವುದು ಈ ಗೋಡೆಯಿಂದಲೇ.

ಬಹಳ ಜನರಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ಕೆಲವರಲ್ಲಿ ಮುಗಿಯುವುದಿಲ್ಲ. ರಕ್ಷಣಾ ಕಣಗಳು ಮತ್ತೆ ಮತ್ತೆ ಬಂದು ಸೇರುತ್ತವೆ. ಗಟ್ಟಿ ಗಂಟು, ಕೆಂಪು, ಊತ, ನೋವು ಶುರುವಾಗುತ್ತದೆ. ವೈದ್ಯರು ಇದನ್ನು ಗ್ರ್ಯಾನುಲೋಮ ಅನ್ನುತ್ತಾರೆ. ಕಷ್ಟ ಏನೆಂದರೆ ಇದು ಯಾವಾಗ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಆರು ತಿಂಗಳಿಗೂ ಬರಬಹುದು, ಹತ್ತು ವರ್ಷ ಕಳೆದ ಮೇಲೂ ಬರಬಹುದು. ಹಲ್ಲಿನ ಸೋಂಕು, ಜೋರು ಜ್ವರ, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಂಟರ್‌ಫೆರಾನ್‌ನಂಥ ಔಷಧಿ, ಇಂಥ ಯಾವುದೋ ಒಂದು ನೆಪ ಸಾಕು. ‘ಐದು ವರ್ಷದಿಂದ ಏನೂ ಆಗಿಲ್ಲ ಅಲ್ವಾ’ ಅನ್ನುವ ಧೈರ್ಯಕ್ಕೆ ಇಲ್ಲಿ ಆಧಾರವೇ ಇಲ್ಲ.

ಎರಡನೆಯ ತೊಂದರೆ ಬಯೋಫಿಲ್ಮ್. ಸೂಜಿಯ ಜೊತೆ ಒಳಹೋದ ಬ್ಯಾಕ್ಟೀರಿಯಾ ಫಿಲ್ಲರ್‌ನ ಮೇಲೆ ಪದರ ಕಟ್ಟಿಕೊಂಡು ಸುಮ್ಮನೆ ಕೂರುತ್ತದೆ. ಆ ಪದರದೊಳಗೆ ಆ್ಯಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ತಿಂದಾಗ ಊತ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಬರುತ್ತದೆ. ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ವರ್ಷಗಳ ನಂತರ ಕೀವು ತುಂಬಿದ ಉದಾಹರಣೆಗಳಿವೆ.

ಮೂರನೆಯದು, ಜಾಗ ಬಿಟ್ಟು ಹೋಗುವುದು. ಇದು ಫಿಲ್ಲರ್ ಹುಟ್ಟಿದಾಗಿನಿಂದ ಇರುವ ಸಮಸ್ಯೆ. 1899ರಲ್ಲಿ ವಿಯೆನ್ನಾದ ಸರ್ಜನ್ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಚುಚ್ಚುವ ಪದ್ಧತಿ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಫ್ಯಾಷನ್ ಆಯಿತು. ಆ ಕಾಲದ ಹೆಸರಾಂತ ಸುಂದರಿ ಗ್ಲ್ಯಾಡಿಸ್ ಡೀಕನ್, ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೋ ಡಚೆಸ್ ಆದವರು, ಮೂಗು ಗ್ರೀಕ್ ಶಿಲ್ಪದಂತೆ ನೇರವಾಗಲಿ ಅಂತ ಇಪ್ಪತ್ತರ ಆಸುಪಾಸಿನಲ್ಲಿ ಪ್ಯಾರಾಫಿನ್ ಮೇಣ ಚುಚ್ಚಿಸಿಕೊಂಡರು. ಮೇಣ ಜಾರಿ ಗಲ್ಲದ ಕಡೆಗೆ ಇಳಿಯಿತು. ಆ ರೂಪ ಮತ್ತೆ ಬರಲಿಲ್ಲ. ನಂತರ ಬಂದ ಸಿಲಿಕೋನ್ ಕೂಡ ಇದನ್ನೇ ಮಾಡುತ್ತದೆ. ಸಣ್ಣ ಹನಿಗಳಾಗಿ ಒಡೆದು ಮಾಂಸದ ಎಳೆಎಳೆಯ ನಡುವೆ ಸೇರುತ್ತದೆ, ಕೆಳಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ತೆಗೆಯುವುದೆಂದರೆ ಅಕ್ಕಿಹಿಟ್ಟಿಗೆ ಬೆರೆತ ಮರಳನ್ನು ಆರಿಸಿದ ಹಾಗೆ. ಸರ್ಜನ್ ಸುತ್ತಲ ಒಳ್ಳೆಯ ಮಾಂಸವನ್ನೂ ಕತ್ತರಿಸಬೇಕಾಗುತ್ತದೆ. ಕಲೆ ಉಳಿಯುತ್ತದೆ, ಗುಳಿ ಬೀಳುತ್ತದೆ, ನರಕ್ಕೂ ಪೆಟ್ಟಾಗಬಹುದು.

ಇನ್ನೊಂದು ಸಂಗತಿಯನ್ನು ಕ್ಲಿನಿಕ್‌ನಲ್ಲಿ ಯಾರೂ ಹೇಳುವುದಿಲ್ಲ. ಏನೂ ತೊಂದರೆ ಆಗದಿದ್ದರೂ ಮುಖಕ್ಕೆ ವಯಸ್ಸಾಗುತ್ತದೆ. ಕೊಬ್ಬು ಕರಗುತ್ತದೆ, ಮೂಳೆ ಸವೆಯುತ್ತದೆ, ಚರ್ಮ ತೆಳ್ಳಗಾಗಿ ಜೋಲುತ್ತದೆ. ಫಿಲ್ಲರ್ ಮಾತ್ರ ಹಾಗೇ ಇರುತ್ತದೆ. ಮೂವತ್ತರಲ್ಲಿ ಚೆನ್ನಾಗಿ ಕಂಡ ಕೆನ್ನೆಯ ಉಬ್ಬು ಐವತ್ತೈದರಲ್ಲಿ ಬೇರೆ ಜಾಗದ ಗಡ್ಡೆಯಂತೆ ಕಾಣಬಹುದು.

ಜೀವಕ್ಕೇ ಬರುವ ತೊಂದರೆಗಳೂ ಇವೆ. ದೊಡ್ಡ ಪ್ರಮಾಣದಲ್ಲಿ ಚುಚ್ಚಿದ ಸಿಲಿಕೋನ್ ರಕ್ತನಾಳ ಸೇರಿ ಶ್ವಾಸಕೋಶ ತಲುಪಿದರೆ ಉಸಿರಾಟ ಕೆಡುತ್ತದೆ, ಜ್ವರ ಬರುತ್ತದೆ, ಕೆಮ್ಮಿನಲ್ಲಿ ರಕ್ತ ಬರುತ್ತದೆ. ನ್ಯುಮೋನಿಯಾ ಅಂತ ತಪ್ಪು ತಿಳಿಯುವುದು ಸುಲಭ. ಸಿಲಿಕೋನ್ ಮತ್ತು ಪಿಎಂಎಂಎ ಗ್ರ್ಯಾನುಲೋಮಗಳು ವಿಟಮಿನ್ ಡಿಯ ಚುರುಕು ರೂಪವನ್ನು ತಾವೇ ತಯಾರಿಸಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲವು. ಅದರಿಂದ ಕಿಡ್ನಿ ಹಾಳಾದವರಿದ್ದಾರೆ. 2018ರ ಜುಲೈನಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ ವೈದ್ಯನೊಬ್ಬ ತನ್ನ ಅಪಾರ್ಟ್‌ಮೆಂಟಿನಲ್ಲೇ ಮಹಿಳೆಯೊಬ್ಬರ ನಿತಂಬಕ್ಕೆ ಪಿಎಂಎಂಎ ಚುಚ್ಚಿದ. ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡರು. ಆತ ಸೋಷಿಯಲ್ ಮೀಡಿಯಾದಲ್ಲಿ ಲಕ್ಷಾಂತರ ಫಾಲೋವರ್‌ಗಳಿದ್ದವನು. ಫಾಲೋವರ್ ಸಂಖ್ಯೆ ನೋಡಿ ವೈದ್ಯರನ್ನು ಆರಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಂತ 3: ಸೂಜಿ ಹಿಡಿಯುವವರು ಯಾರು?

ಬ್ಯೂಟಿ ಪಾರ್ಲರ್‌ನಲ್ಲಿ ಬೇಡ. ಹೋಟೆಲ್ ರೂಮಿನಲ್ಲಿ, ಗೆಳತಿಯ ಮನೆಯಲ್ಲಿ ಬೇಡವೇ ಬೇಡ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಆದವರೇ ಇರಲಿ. ಬೋರ್ಡಿನ ಮೇಲೆ ‘ಕಾಸ್ಮೆಟಾಲಜಿಸ್ಟ್’ ಅಂತ ಇದ್ದರೆ ಸಾಲದು.

ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ, ಚೀಟಿಯಲ್ಲಿ, ರಸೀದಿಯಲ್ಲಿ ಹಾಕಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲೋ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲೋ ನೋಡಬಹುದು. ಕ್ಲಿನಿಕ್‌ಗೂ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು. ಇದನ್ನೆಲ್ಲ ಕೇಳಿದರೆ ಮುಖ ಸಿಂಡರಿಸುವವರಲ್ಲಿ ಮಾಡಿಸಿಕೊಳ್ಳಬೇಡಿ.

ಸೂಜಿ ಇಲ್ಲದ ‘ಹಯಲುರಾನ್ ಪೆನ್’ ತರಿಸಿಕೊಂಡು ಮನೆಯಲ್ಲೇ ತುಟಿ ಉಬ್ಬಿಸುವ ವಿಡಿಯೊಗಳಿವೆ. ಎಫ್‌ಡಿಎ 2021ರಲ್ಲಿ ಇದರ ವಿರುದ್ಧವೂ ಎಚ್ಚರಿಸಿದೆ. ಆನ್‌ಲೈನ್‌ನಲ್ಲಿ ತರಿಸಿದ ಸಿರಿಂಜಿನಲ್ಲಿ ನಿಜಕ್ಕೂ ಏನಿದೆ ಅಂತ ನಿಮಗೆ ತಿಳಿಯುವ ದಾರಿಯೇ ಇಲ್ಲ.

ಹಂತ 4: ಕಾಗದ ನಿಮ್ಮ ಹತ್ತಿರವೇ ಇರಲಿ

ಸಿರಿಂಜಿನ ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಬೇಕು. ಬ್ರ್ಯಾಂಡ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇರುವ ಸ್ಟಿಕ್ಕರ್ ಕೇಳಿ ಪಡೆಯಿರಿ. ಮುಖದ ಯಾವ ಜಾಗಕ್ಕೆ ಎಷ್ಟು ಎಂಎಲ್ ಹಾಕಿದರು ಅಂತ ಬರೆಸಿಕೊಳ್ಳಿ. ಫೋಟೊ ತೆಗೆದು ಇಮೇಲ್‌ನಲ್ಲೂ ಇಡಿ.

ಇದಕ್ಕೆ ಕಾರಣ ಇದೆ. ಹೊರರೋಗಿಗಳ ದಾಖಲೆ ಇರಲಿ, ಒಳರೋಗಿಗಳ ದಾಖಲೆಗೇ ಆ 2002ರ ನಿಯಮ ಹಾಕಿರುವ ಅವಧಿ ಮೂರು ವರ್ಷ. ಗ್ರ್ಯಾನುಲೋಮ ಎಂಟನೆಯ ವರ್ಷ ಬಂದರೆ? ಆಗ ಏನು ಚುಚ್ಚಿದ್ದರು ಅಂತ ಗೊತ್ತಿಲ್ಲದೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಹಂತ 5: ಮೊದಲ ಗಂಟೆಗಳಲ್ಲಿ ಕಣ್ಣಿಟ್ಟು ನೋಡಿ

ಸ್ವಲ್ಪ ಊತ, ನೀಲಿ ಕಲೆ, ಮುಟ್ಟಿದರೆ ನೋವು, ಇವು ಮಾಮೂಲಿ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಲಕ್ಷಣಗಳು ಬೇರೆ. ಚರ್ಮ ತಟ್ಟನೆ ಬೆಳ್ಳಗಾಗುತ್ತದೆ, ಆಮೇಲೆ ಬಲೆಯಂಥ ನೇರಳೆ ಗೆರೆ ಮೂಡುತ್ತವೆ, ನೋವು ವಿಪರೀತ ಆಗುತ್ತದೆ. ದೃಷ್ಟಿ ಮಸುಕಾಗುವುದು, ಕಣ್ಣು ನೋವು, ರೆಪ್ಪೆ ಜೋಲುವುದು, ತಲೆನೋವಿನ ಜೊತೆ ವಾಂತಿ, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ತುರ್ತು. ಹುಬ್ಬುಗಳ ನಡುವೆ, ಮೂಗಿನ ಮೇಲೆ, ಹಣೆಗೆ ಚುಚ್ಚಿದಾಗ ಈ ಅಪಾಯ ಜಾಸ್ತಿ. ಅಲ್ಲಿಯ ರಕ್ತನಾಳಗಳು ಕಣ್ಣಿನ ರಕ್ತನಾಳಕ್ಕೆ ಕೂಡಿಕೊಂಡಿವೆ. ರಕ್ತ ನಿಂತರೆ ರೆಟಿನಾ ತಾಳುವುದು ಸುಮಾರು ಒಂದರಿಂದ ಒಂದೂವರೆ ಗಂಟೆ.

ಹಯಲುರಾನಿಕ್ ಆಸಿಡ್ ಆಗಿದ್ದರೆ ಎಂಜೈಮ್ ಚುಚ್ಚಿ ಒಂದು ಪ್ರಯತ್ನ ಮಾಡಬಹುದು. ಪರ್ಮನೆಂಟ್ ಫಿಲ್ಲರ್‌ಗೆ ಆ ಪ್ರಯತ್ನವೂ ಇಲ್ಲ. ‘ಐಸ್ ಇಡಿ, ನಾಳೆ ಬನ್ನಿ’ ಅಂದರೆ ಒಪ್ಪಬೇಡಿ. ಚುಚ್ಚಿದವರಿಗೆ ಫೋನ್ ಮಾಡುತ್ತಲೇ ಕಣ್ಣಿನ ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ.

ಹಂತ 6: ಆಗಲೇ ಮಾಡಿಸಿಕೊಂಡಿದ್ದರೆ

ಹೆದರಬೇಡಿ. ತೊಂದರೆ ಇಲ್ಲದಿದ್ದರೆ ಅದನ್ನು ಕೆದಕುವ ಅಗತ್ಯ ಇಲ್ಲ. ಸುಮ್ನೆ ಮುನ್ನೆಚ್ಚರಿಕೆಗೆ ಅಂತ ತೆಗೆಸಲು ಹೋದರೆ ಇಲ್ಲದ ಗಾಯ ಆಗುತ್ತದೆ. ಹಲ್ಲಿನ ಸೋಂಕನ್ನು ಮಾತ್ರ ತಡಮಾಡದೆ ವಾಸಿ ಮಾಡಿಸಿಕೊಳ್ಳಿ. ಹಲ್ಲಿನ ಡಾಕ್ಟರಿಗೆ, ಸ್ಕ್ಯಾನ್ ಮಾಡುವವರಿಗೆ ಫಿಲ್ಲರ್ ಇದೆ ಅಂತ ಮುಂಚೆಯೇ ಹೇಳಿ. ಪೆಟ್ ಸ್ಕ್ಯಾನ್‌ನಲ್ಲಿ ಗ್ರ್ಯಾನುಲೋಮ ಹೊಳೆದು ಕ್ಯಾನ್ಸರ್ ಅನ್ನುವ ಅನುಮಾನ ಹುಟ್ಟಿಸಬಹುದು. ನಾಚಿಕೆಯಿಂದ ಮುಚ್ಚಿಟ್ಟರೆ ಬೇಡದ ಬಯಾಪ್ಸಿಗಳಿಗೆ ದಾರಿಯಾಗುತ್ತದೆ. ಹಳೆಯ ಫಿಲ್ಲರ್ ಇರುವ ಜಾಗಕ್ಕೆ ಹೊಸದನ್ನು ಹಾಕಿಸಬೇಡಿ.

ಗಂಟು ಬಂದರೆ ಹಿಸುಕಬೇಡಿ, ಶಾಖ ಕೊಡಬೇಡಿ, ಲೇಸರ್ ಮಾಡಿಸಬೇಡಿ. ಚುಚ್ಚಿದವರ ಹತ್ತಿರವೇ ಸುತ್ತುತ್ತಾ ಕೂರದೆ ಇನ್ನೊಬ್ಬ ತಜ್ಞರನ್ನು ನೋಡಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಏನು ಚುಚ್ಚಿದ್ದರು ಅಂತ ಗೊತ್ತಿಲ್ಲದಿದ್ದರೆ ಹೈ ಫ್ರೀಕ್ವೆನ್ಸಿ ಅಲ್ಟ್ರಾಸೌಂಡ್ ಸುಳಿವು ಕೊಡುತ್ತದೆ. ಸಿಲಿಕೋನ್ ಅದರಲ್ಲಿ ಬಿಳಿ ಮಂಜಿನ ಹಾಗೆ ಕಾಣುತ್ತದೆ.

ಗ್ರ್ಯಾನುಲೋಮಕ್ಕೆ ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಚುಚ್ಚುತ್ತಾರೆ, ಕೆಲವೊಮ್ಮೆ 5-ಫ್ಲೂರೊಯುರಾಸಿಲ್ ಎಂಬ ಇನ್ನೊಂದು ಔಷಧಿ ಸೇರಿಸಿ. ಕೆಲವು ಸಲ ಮಾಡಬೇಕಾಗುತ್ತದೆ. ಆದರೆ ಗಂಟಿನೊಳಗೆ ಸೋಂಕು ಇದ್ದು ಸ್ಟಿರಾಯ್ಡ್ ಬಿದ್ದರೆ ಅದು ಇನ್ನೂ ಜೋರಾಗುತ್ತದೆ. ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಈ ಎಚ್ಚರ ಬಹಳ ಮುಖ್ಯ. ಅದಕ್ಕೇ ‘ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಂಡಿರಾ?’ ಅಂತ ಕೇಳಿ. ಆಪರೇಷನ್ ಕೊನೆಯ ದಾರಿ. ಮೈಗೆ ಜಾಸ್ತಿ ಪ್ರಮಾಣದಲ್ಲಿ ಹಾಕಿಸಿಕೊಂಡವರಿಗೆ ವಿಪರೀತ ಬಾಯಾರಿಕೆ, ಮಲಬದ್ಧತೆ, ಸುಸ್ತು ಕಾಡುತ್ತಿದ್ದರೆ ರಕ್ತದ ಕ್ಯಾಲ್ಸಿಯಂ ಮತ್ತು ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿನ್ನಬೇಡಿ.

ಹಂತ 7: ದೂರು ದಾಖಲಿಸಿ

ತೊಂದರೆ ಆದವರು ಮನೆಯವರಿಗೂ ಹೇಳುವುದಿಲ್ಲ. ‘ಯಾರು ಮಾಡಿಸ್ಕೋ ಅಂದ್ರು?’ ಅನ್ನುವ ಮಾತಿಗೆ ಹೆದರುತ್ತಾರೆ. ಚೆನ್ನಾಗಿ ಕಾಣಬೇಕು ಅಂತ ಬಯಸಿದ್ದು ತಪ್ಪಲ್ಲ. ಏನು ಚುಚ್ಚುತ್ತಿದ್ದೇವೆ ಅಂತ ಹೇಳದೆ ಚುಚ್ಚಿದ್ದು ತಪ್ಪು. ನಿಮ್ಮ ದಾಖಲೆಗಳನ್ನು ಬರವಣಿಗೆಯಲ್ಲಿ ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ವೈದ್ಯರ ತಪ್ಪಾಗಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ವಸ್ತುವಿನಿಂದಲೇ ತೊಂದರೆ ಅನ್ನಿಸಿದರೆ ಇನ್ನೊಂದು ದಾರಿ ಇದೆ. ವೈದ್ಯಕೀಯ ಸಾಧನಗಳ ಅಡ್ಡಪರಿಣಾಮ ದಾಖಲಿಸಲು ದೇಶದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ ಇದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದನ್ನು ನಡೆಸುತ್ತದೆ. ರೋಗಿಗಳೂ ವರದಿ ಕೊಡಬಹುದು. ಉಚಿತ ಸಹಾಯವಾಣಿ 1800-180-3024. ಫಾರಂನಲ್ಲಿ ಬ್ರ್ಯಾಂಡ್ ಮತ್ತು ಬ್ಯಾಚ್ ನಂಬರ್ ಕೇಳುತ್ತಾರೆ. ಗೊತ್ತಿಲ್ಲದಿದ್ದರೂ ಗೊತ್ತಿರುವಷ್ಟು ತುಂಬಿ ಕಳಿಸಿ.