ರ‍್ಯಾಕ್ ಬದಲಾಯಿಸದೆ ಸ್ಟೇರಿಂಗ್ ಸದ್ದು ನಿಲ್ಲಿಸಿದ್ದು

"ರ‍್ಯಾಕ್ ಹೋಗಿದೆ, ಬೇರೆ ದಾರಿ ಇಲ್ಲ" ಅಂತ ಮೂರು ಜನ ಮೆಕ್ಯಾನಿಕ್‌ಗಳು ಹೇಳಿದರು. ರ‍್ಯಾಕ್ ಅಂದರೆ ಸ್ಟೇರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ದಂಡ. ಮೂವರೂ ಪಳಗಿದವರೇ. ಮೂವರದ್ದೂ ತಪ್ಪಾಯಿತು. ಇದನ್ನು ಬರೆಯಲು ಅರ್ಧ ಕಾರಣ ಅದೇ, ಸುಳ್ಳು ಯಾಕೆ ಹೇಳಲಿ.

ನನ್ನ ಕಾರಿನ ಸದ್ದು ಹೀಗಿತ್ತು. ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಪೂರ್ತಿ ಎಡಕ್ಕೆ ಎಳೆದು ವಾಪಸ್ ತಂದರೆ, ಎಡ ಮುಂಭಾಗದಿಂದ ‘ಟಂಗ್’. ಸ್ಟೇರಿಂಗ್ ಹಿಡಿದ ಕೈಗೂ ಸಣ್ಣ ಏಟು. ಜೋರಾಗಿ ಓಡಿಸುವಾಗ ಏನೂ ಇಲ್ಲ. ಗುಂಡಿಗೆ ಇಳಿದರೂ ಏನೂ ಇಲ್ಲ.

ಈ ಕೊನೆಯ ಎರಡು ಮಾತನ್ನು ಆಗಲೇ ಯೋಚಿಸಿದ್ದರೆ ದುಡ್ಡು ಉಳಿಯುತ್ತಿತ್ತು, ಕೀಲುಗಳು ಸವೆದಿದ್ದರೆ ಸಾಮಾನ್ಯವಾಗಿ ಗುಂಡಿಯಲ್ಲೂ ಸದ್ದು ಬರಬೇಕಿತ್ತು. ನಾನು ಚಕ್ರದ ಸುತ್ತಲಿನ ಸಸ್ಪೆನ್ಷನ್, ಸ್ಟೇರಿಂಗ್ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದೆ. ಮೊದಲು ಲಿಂಕ್ ರಾಡ್ ಹಾಕಿದೆ. ಎರಡು ದಿನ ಸದ್ದು ಕಮ್ಮಿಯಾದ ಹಾಗೆ ಅನಿಸಿತು. ದುಡ್ಡು ಕೊಟ್ಟ ಮೇಲೆ ಕಿವಿಯೂ ನಮ್ಮ ಕಡೆಗೇ ವಾಲುತ್ತದೆ, ಅಲ್ವಾ. ಆಮೇಲೆ ಟೈ ರಾಡ್ ಎಂಡ್, ಅದಕ್ಕೊಂದು ಚಕ್ರದ ಅಲೈನ್‌ಮೆಂಟ್. ಆಮೇಲೆ ಲೋವರ್ ಆರ್ಮ್, ಮತ್ತೊಂದು ಅಲೈನ್‌ಮೆಂಟ್. ಬಿಚ್ಚಿದ ಹಳೆ ಆರ್ಮ್‌ನ ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಿದೆ. ಹೊಸದರಷ್ಟೇ ಬಿಗಿಯಾಗಿತ್ತು. ಹೊಟ್ಟೆ ಉರಿಯಿತು. ಇಷ್ಟಕ್ಕೆ ಹೋದ ದುಡ್ಡು, ಕೊನೆಗೆ ಕೆಲಸ ಮಾಡಿಕೊಟ್ಟ ಭಾಗದ ಬೆಲೆಯ 8-9 ಪಟ್ಟು ಇರಬಹುದು. ರ‍್ಯಾಕ್ ಹಾಕಿಸಿದ್ದರೆ 30 ಪಟ್ಟು ದಾಟುತ್ತಿತ್ತು.

ಅಲ್ಲಿಗೆ ಪಾರ್ಟ್ಸ್ ತರುವುದನ್ನು ನಿಲ್ಲಿಸಿದೆ. ಒಂದು ಇಡೀ ದಿನ ಸ್ಪ್ಯಾನರ್ ಮುಟ್ಟಬಾರದು, ಬರೀ ನೋಡಬೇಕು, ಕೇಳಬೇಕು ಅಂತ ಕೂತೆ.

ಇಂಜಿನ್ ಆಫ್ ಮಾಡಿ, ನಿಂತಲ್ಲೇ ಸ್ಟೇರಿಂಗ್ ಎಳೆದೆ. ನನ್ನದು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್, ಮೋಟರ್ ನೆರವಿಲ್ಲದೆ ಕಲ್ಲಿನಷ್ಟು ಭಾರ. ಆದರೂ ‘ಟಂಗ್’ ಬಂತು. ಮೋಟರ್ ಮೇಲಿನ ಅನುಮಾನ ಹೋಯಿತು. ಚಕ್ರ ಉರುಳದೆಯೇ ಬಂತು ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟೂ ಅಲ್ಲ, ಅದು ಗಾಡಿ ತಿರುವಿನಲ್ಲಿ ಎಳೆಯುವಾಗ ‘ಟಕ ಟಕ’ ಅನ್ನುವ ಗಿರಾಕಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು ತಿರುಗಿಸಿದೆ. ಸದ್ದೇ ಇಲ್ಲ. ಭಾರ ಕೂತಾಗ ಮಾತ್ರ ಬರುವ ಸದ್ದು.

ಗಾಡಿ ಇಳಿಸಿ, ಸ್ಟೇರಿಂಗ್ ತಿರುಗಿಸಲು ಇನ್ನೊಬ್ಬರನ್ನು ಕೂರಿಸಿ, ಎಡ ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಟ್ಟೆ. ಸುರುಳಿಗಳ ನಡುವೆ ಬೆರಳು ಹಾಕಬೇಡಿ ಮಾರಾಯ್ರೆ. ಸ್ಪ್ರಿಂಗ್ ಮೆಲ್ಲಗೆ ಬಿಗಿದುಕೊಂಡು, ಒಮ್ಮೆಲೇ ಕೈಯೊಳಗೆ ಜಿಗಿಯಿತು. ಸ್ಟ್ರಟ್ ಟಾಪ್ ಬೇರಿಂಗ್! ಚಕ್ರ ತಿರುಗಿದಾಗ ಸ್ಪ್ರಿಂಗೂ ಸಲೀಸಾಗಿ ತಿರುಗಲಿ ಅಂತ ಅದರ ಮೇಲ್ತುದಿಯಲ್ಲಿ ಇರುವ ಬೇರಿಂಗ್ ಅದು, ಈಗ ಸಿಕ್ಕಿಕೊಂಡಿತ್ತು.

ಇದನ್ನು ಹೇಳಿದರೆ ಮೂರನೆಯ ಮೆಕ್ಯಾನಿಕ್ ನಂಬಲಿಲ್ಲ. ಅದಕ್ಕೇ ವೈಟ್‌ನರ್ ತಂದು ಸ್ಪ್ರಿಂಗ್ ಕೂರುವ ಕೆಳಗಿನ ತಟ್ಟೆಯಿಂದ, ಅಂದರೆ ಸೀಟಿನಿಂದ, ಸ್ಪ್ರಿಂಗಿಗೆ ನೇರ ಒಂದು ಗೆರೆ ಎಳೆದು, ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದೆ. ಸೀಟು ತಿರುಗುತ್ತಿತ್ತು, ಸ್ಪ್ರಿಂಗ್ ಹಿಂದೆ ಉಳಿಯುತ್ತಿತ್ತು. ಗೆರೆ ಮುರಿದು 5-6 ಮಿಲಿಮೀಟರ್ ಅಂತರ. ಆಮೇಲೆ ‘ಟಂಗ್’, ಗೆರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬಲಗಡೆ ಗೆರೆ ಅಲುಗಲೇ ಇಲ್ಲ. "ವೈಟ್‌ನರ್ ಹಚ್ಚಿ ಗಾಡಿ ರಿಪೇರಿ ಮಾಡ್ತೀರಾ?" ಅಂತ ನಕ್ಕವರು ವಿಡಿಯೋ ಎರಡು ಸಲ ನೋಡಿ ಸುಮ್ಮನಾದರು.

ಬಿಚ್ಚಿದಾಗ ಬೇರಿಂಗಿನಲ್ಲಿ ಗ್ರೀಸ್ ಬದಲು ಕಂದು ಕೆಸರು. ಒಂದು ಬೆರಳಿಗೆ ತಿರುಗಬೇಕಾದದ್ದು ಎರಡೂ ಕೈಗೆ ಬಗ್ಗಲಿಲ್ಲ.

ಹೊಸ ಬೇರಿಂಗ್ ಹಾಕುವಾಗ ಮತ್ತೆ ಎಡವಿದೆ. ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಕೂತಿದೆಯೋ ಇಲ್ಲವೋ ನೋಡದೆ, ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಸಡಿಲಿಸಿದೆ. ಗಾಡಿ ಇಳಿಸಿದ ಕೂಡಲೇ ಹೊಸದೊಂದು ‘ಟಕ್’. ಪುನಃ ಎಲ್ಲಾ ಬಿಚ್ಚಿ, ಸುಮಾರು ಮೂರು ಗಂಟೆ ದಂಡ. ಸ್ಟ್ರಟ್‌ನ ನಡುವಿನ ನಟ್ಟಿಗೆ ಗಾಳಿಯಿಂದ ನಟ್ಟು ಬಿಗಿಸುವ ಏರ್ ಗನ್ ಹಿಡಿದು, ಒಳಗಿನ ರಾಡನ್ನೇ ಗಿರಗಿರ ತಿರುಗಿಸಿದ್ದೂ ಅವತ್ತೇ. ಅಲೆನ್ ಕೀಲಿ ಹಿಡಿದು ಕೈಯಲ್ಲೇ ಬಿಗಿ ಮಾಡಿ. ಸ್ಟ್ರಟ್ ಇಳಿಸುವಾಗ ಅಲೈನ್‌ಮೆಂಟ್ ಕೆಡದ ಹಾಗೆ ನಾನು ಹಾಕುವ ಒಂದು ಗುರುತು ಇದೆ. ಅದು ನನ್ನ ಹತ್ತಿರವೇ ಇರಲಿ, ಕಲಿಯಲು ಜಾಸ್ತಿ ಖರ್ಚಾಗಿದೆ.

‘ಟಂಗ್’ ಹೋದ ಮೇಲೆ, ಅದರ ಅಡಿಯಲ್ಲಿ ಅಡಗಿದ್ದ ಒಂದು ‘ಕಿರ್’ ಕೇಳಿಸತೊಡಗಿತು, ಪೆಡಲ್ ಹತ್ತಿರ. ಸ್ಟೇರಿಂಗ್ ಕಾಲಮ್, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ದಾಟುವ ಕಡೆಯ ರಬ್ಬರ್ ಬೂಟಿಗೆ ನೀರು ಸಿಂಪಡಿಸಿದೆ. ಹತ್ತು ನಿಮಿಷ ಮಾಯ, ಒಣಗಿದ ಮೇಲೆ ಹಾಜರು. ಸಿಲಿಕೋನ್ ಗ್ರೀಸ್ ಸವರಿದೆ, ಮುಗಿಯಿತು. ಮಾಮೂಲಿ ಗ್ರೀಸ್ ಬೇಡ, ಕೆಲವು ರಬ್ಬರ್ ಉಬ್ಬಿಹೋಗುತ್ತದೆ.

ಆ ಹುರುಪಿನಲ್ಲಿ ಗೆಳೆಯನ ಹಳೆ ಗಾಡಿಗೂ ಕೈ ಹಾಕಿದೆ. ಅದು ಆಯಿಲ್ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಪವರ್ ಸ್ಟೇರಿಂಗ್, ತಿರುಗಿಸಿದರೆ ‘ಊಂ’ ಅಂತ ಅಳುತ್ತಿತ್ತು. ಪಂಪ್ ಬದಲಿಸಿ ಅಂದಿದ್ದರಂತೆ. ಮುಚ್ಚಳ ತೆಗೆದರೆ ಆಯಿಲ್ ತುಂಬಾ ನೊರೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಕ್ಲ್ಯಾಂಪ್ ಸಡಿಲಾಗಿ ಗಾಳಿ ಎಳೆಯುತ್ತಿತ್ತು. ಹೊಸ ಕ್ಲ್ಯಾಂಪ್ ಹಾಕಿ, ಚಕ್ರ ಎತ್ತಿ, ಇಂಜಿನ್ ಆಫ್ ಇಟ್ಟು, ಆ ತುದಿಯಿಂದ ಈ ತುದಿಗೆ 20 ಸಲ ತಿರುಗಿಸಿ, ಆಯಿಲ್ ಇಳಿದಂತೆ ತುಂಬಿಸಿದೆ. ಅಳು ನಿಂತಿತು. ಅವನಿಗೆ ಖರ್ಚು ಒಂದು ಕ್ಲ್ಯಾಂಪು, ಒಂದಿಷ್ಟು ಆಯಿಲ್. ನನಗೆ ಒಂದು ಅಂಗಿ.

ನನ್ನ ಗಾಡಿ ಆಮೇಲೆ 14 ಸಾವಿರ ಕಿಲೋಮೀಟರಾದರೂ ಓಡಿದೆ, ಸದ್ದಿಲ್ಲ. ಎರಡೂ ಕಡೆ ಒಟ್ಟಿಗೆ ಹಾಕಬೇಕಿತ್ತು ಅಂತ ಬೈದವರಿದ್ದಾರೆ. ಒಪ್ಪುತ್ತೇನೆ, ಜಿಪುಣತನ. ಬಲಗಡೆಯದು ಇನ್ನೂ ಹಳೆ ಬೇರಿಂಗೇ. ತಿಂಗಳಿಗೊಮ್ಮೆ ಬಗ್ಗಿ ಅಂಗೈ ಇಟ್ಟು ನೋಡುತ್ತೇನೆ. ವೈಟ್‌ನರ್ ಗೆರೆ ಇನ್ನೂ ನೇರವಾಗಿಯೇ ಇದೆ.