ತುಪ್ಪವನ್ನು ಉಜ್ಜಿ, ಹಿಟ್ಟನ್ನು ಬಿಡಿ

ಈಗಿನ ಹುಡುಗಿಯರು, ಹುಡುಗರೂ ಸೇರಿಯೇ, ಮನೆಯಲ್ಲಿ ನಾನ್ ಖಟಾಯಿ, ಖಾರಾ ಬಿಸ್ಕತ್ತು ಮಾಡಲು ಹೊರಡುವುದನ್ನು ನೋಡಿದರೆ ಸಂತೋಷವೇನೋ ಆಗುತ್ತದೆ. ಆದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತರೆ ಸಾಕು, ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ತುಪ್ಪ, ಸಕ್ಕರೆಯನ್ನು ಚಮಚದಲ್ಲಿ ಎರಡು ಸುತ್ತು ತಿರುಗಿಸಿ ಮುಗಿಯಿತು ಎನ್ನುತ್ತಾರೆ. ಆಮೇಲೆ ಮೈದಾ ಸುರಿದು, ಚಪಾತಿಗೆ ಕಲೆಸಿದಂತೆ ಮೈಮೇಲೆ ಬಿದ್ದು ನಾದುತ್ತಾರೆ. ಉಜ್ಜಬೇಕಾದ್ದನ್ನು ಉಜ್ಜುವುದಿಲ್ಲ, ನಾದಬಾರದ್ದನ್ನು ನಾದುತ್ತಾರೆ. ಕೊನೆಗೆ ಹಲ್ಲಿಗೆ ಬಗ್ಗದ ಬಿಲ್ಲೆಗಳು ಹೊರಬಂದಾಗ ಓವನ್ ಸರಿಯಿಲ್ಲ ಎಂಬ ದೂರು ಬೇರೆ.

ಓವನ್ನಿನ ತಪ್ಪೇನೂ ಇಲ್ಲ. ಹಾಸನ ಕಡೆಯ ಅಯ್ಯಂಗಾರ್ ಅಣ್ಣತಮ್ಮಂದಿರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದಾಗ ಡಿಗ್ರಿ ತಿರುಗಿಸುವ ಗುಂಡಿ ಎಲ್ಲಿತ್ತು? ಅವರ ದಾರಿ ಹಿಡಿದು ಊರೂರಲ್ಲಿ ಬೇಕರಿ ಇಟ್ಟವರು ಮೊಟ್ಟೆಯನ್ನೂ ಮುಟ್ಟದೆ ಬನ್ನು, ಬಿಸ್ಕತ್ತು, ಕೇಕು ಎಲ್ಲವನ್ನೂ ಮಾಡಿ ತೋರಿಸಿದರು. ನಾನು ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ಓವನ್ ಇರಲಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದರೆ ಸಂಜೆ ಬೀದಿಯ ಮಕ್ಕಳೆಲ್ಲ ಬಂದು ಕೈಯೊಡ್ಡುತ್ತಾರೆ, ದಿನಕ್ಕೊಂದು ಬಗೆಯ ಗೊಂಬೆ ಬಾಗಿನ ಆಗಬೇಕು. ಅದರಲ್ಲಿ ಒಂದು ದಿನ ನಮ್ಮ ಅತ್ತೆಯವರ ನಾನ್ ಖಟಾಯಿ. ಹಿಟ್ಟು ಕಲೆಸುವುದು, ಉಂಡೆ ಕಟ್ಟುವುದು ಮನೆಯಲ್ಲಿ. ಬೇಯಿಸುವುದು ಬೀದಿ ಕೊನೆಯ ಬೇಕರಿಯ ಸೌದೆ ಭಟ್ಟಿಯಲ್ಲಿ. ಬ್ರೆಡ್ಡು ತೆಗೆದ ಮೇಲೆ ಉಳಿಯುವ ಇಳಿಗಾವು ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಮುಚ್ಚಳದಲ್ಲಿ ಗಾಜಿನ ಕಿಂಡಿಯಿರುವ ಅಲ್ಯೂಮಿನಿಯಂ ಗುಂಡು ಓವನ್ ಬಂತು. ಅದಕ್ಕೂ ಕಾವು ತೋರಿಸುವ ಮುಳ್ಳಿರಲಿಲ್ಲ. ಒಂದು ಚೂರು ಬಿಳಿ ಕಾಗದವನ್ನು ತಟ್ಟೆಯಲ್ಲಿಟ್ಟು ಒಳಗೆ ತಳ್ಳುತ್ತಿದ್ದೆವು. ನಿಧಾನವಾಗಿ ಹಳದಿಗೆ ತಿರುಗಿದರೆ ಹದ, ನೋಡುನೋಡುತ್ತಲೇ ಕಂದಾದರೆ ಕಾವು ಹೆಚ್ಚು. ನಿಮ್ಮ ಒಟಿಜಿ ಎಂಬ ಕರೆಂಟ್ ಓವನ್ನಿನಲ್ಲಿ 160 ಡಿಗ್ರಿ ಎಂದು ತಿರುಗಿಸಿದರೆ ಆಯಿತು, ಆದರೆ ತಟ್ಟೆ ಇಡುವ ಮೊದಲು ಕಾಲು ಗಂಟೆ ಖಾಲಿ ಕಾಯಲು ಬಿಡಿ. ಓವನ್ ಇಲ್ಲದವರು ಹಳೆಯ ದಪ್ಪ ತಳದ ಪಾತ್ರೆಗೆ ಎರಡು ಬೆರಳು ಪುಡಿ ಉಪ್ಪು ಹರಡಿ, ಅದರ ಮೇಲೆ ಅಡ್ಡಣಿಗೆ ಇಟ್ಟು ಬೇಯಿಸಬಹುದು. ಅನ್ನ ಮಾಡುವ ಪ್ರೆಷರ್ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಹಾಳು ಮಾಡುವ ಹುಚ್ಚು ಮಾತ್ರ ಬೇಡ.

ಇನ್ನು ತುಪ್ಪ. ಹರಳುಗಟ್ಟಿದ ತುಪ್ಪವೇ ಆಗಬೇಕು, ಕರಗಿದ್ದು ನಡೆಯುವುದಿಲ್ಲ. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಇಳಿಯಬಾರದು. ಧನುರ್ಮಾಸದ ಚಳಿಯಲ್ಲಿ ತಾನಾಗಿಯೇ ಹಾಗಿರುತ್ತದೆ. ಯುಗಾದಿ ಕಳೆದ ಮೇಲಾದರೆ ತುಪ್ಪದ ಬಟ್ಟಲನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆಗಾಗ ಕೈಯಾಡಿಸಿ ಹರಳು ಕಟ್ಟಿಸಿಕೊಳ್ಳಿ. ತುಪ್ಪದ ಬದಲು ಬೆಣ್ಣೆ ಹಾಕಿದರಾಯಿತು ಎನ್ನುವವರಿಗೆ ಒಂದು ಮಾತು: ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರಿರುತ್ತದೆ. ಮೈದಾಕ್ಕೆ ನೀರು ತಾಗಿತೋ, ಅಂಟು ಎದ್ದಿತು. ನಾನ್ ಖಟಾಯಿಗೆ ಆ ಅಂಟೇ ಶತ್ರು.

ತುಪ್ಪದ ಮಾತು ಬಂತೆಂದು ಹೇಳುತ್ತೇನೆ. ಬೆಣ್ಣೆ ಕಾಯಿಸಿದ ಪಾತ್ರೆಯನ್ನು ನೇರ ಸಿಂಕಿಗೆ ಹಾಕಿ ಬಿಸಿನೀರು ಬಿಡುತ್ತೀರಲ್ಲ, ಆ ಜಿಡ್ಡು ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೀರಿ? ಕೊಳವೆಯೊಳಗೆ ತಣಿದು ಗಟ್ಟಿಯಾಗಿ ಕೂರುತ್ತದೆ. ತಿಂಗಳು ಕಳೆದ ಮೇಲೆ ನೀರು ಇಳಿಯುತ್ತಿಲ್ಲ ಎಂದು ಪ್ಲಂಬರನ್ನು ಕರೆಯುತ್ತೀರಿ. ಪಾತ್ರೆ ಬೆಚ್ಚಗಿರುವಾಗಲೇ ಒಂದು ಹಿಡಿ ಗೋಧಿ ಹಿಟ್ಟು ಹಾಕಿ, ಗಸಿಯ ಸಮೇತ ಮೂಲೆಮೂಲೆಯನ್ನೂ ಒರೆಸಿ ತೆಗೆಯಿರಿ. ಆ ಹಿಟ್ಟನ್ನು ರಾತ್ರಿಯ ಚಪಾತಿಗೆ ಸೇರಿಸಿ. ಪಾತ್ರೆ ತೊಳೆಯುವ ಕೆಲಸವೂ ಅರ್ಧ ಮುಗಿದಿರುತ್ತದೆ.

ಈಗ ಉಜ್ಜುವ ವಿಷಯಕ್ಕೆ ಬರೋಣ. ಉಳಿದದ್ದರಲ್ಲಿ ಹೆಚ್ಚುಕಡಿಮೆಯಾದರೂ ನಾನು ಸುಮ್ಮನಿದ್ದೇನು, ಇದರಲ್ಲಿ ಇಲ್ಲ. ಬಟ್ಟಲು, ಪಾತ್ರೆ ಯಾವುದೂ ಬೇಡ, ಅಂಚಿರುವ ಅಗಲವಾದ ಸ್ಟೀಲ್ ಹರಿವಾಣ ತೆಗೆದುಕೊಳ್ಳಿ. ನೆಲದ ಮೇಲೆ ಒದ್ದೆ ಬಟ್ಟೆ ಮಡಿಸಿ ಹಾಸಿ, ಅದರ ಮೇಲೆ ಹರಿವಾಣವಿಟ್ಟು ಕುಳಿತುಕೊಳ್ಳಿ. ಬಟ್ಟೆಯಿದ್ದರೆ ತಟ್ಟೆ ಜಾರುವುದಿಲ್ಲ, ತಿರುಗುವುದೂ ಇಲ್ಲ. ಉಂಗುರ ತೆಗೆದಿಡಿ. ತುಪ್ಪವನ್ನು ನಡುವೆ ಹಾಕಿ ಮೊದಲು ಅದೊಂದನ್ನೇ ಉಜ್ಜಿ. ಬೆರಳಿನಲ್ಲಿ ಅಲ್ಲ, ಅಂಗೈಯ ಬುಡದಲ್ಲಿ, ಮಣಿಕಟ್ಟಿಗೆ ಹತ್ತಿರದ ದಪ್ಪ ಭಾಗದಲ್ಲಿ. ಮುಂದಕ್ಕೆ ಒತ್ತಿ ತಳ್ಳಿ, ಬೆರಳುಗಳಿಂದ ಬಾಚಿ ಹಿಂದಕ್ಕೆ ಎಳೆದುಕೊಳ್ಳಿ, ಮತ್ತೆ ತಳ್ಳಿ. ಒಂದೇ ಕಡೆಗೆ ಉಜ್ಜಬೇಕು ಎಂದು ಅತ್ತೆ ಹೇಳುತ್ತಿದ್ದರು, ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಈಗಲೂ ಹಾಗೆಯೇ ಉಜ್ಜುತ್ತೇನೆ.

ತುಪ್ಪದ ಹರಳು ಒಡೆದು ನುಣುಪಾದ ಮೇಲೆ ಸಕ್ಕರೆ ಪುಡಿ. ಮನೆಯಲ್ಲಿ ಪುಡಿ ಮಾಡಿ ಜರಡಿ ಹಿಡಿದದ್ದು, ತುಪ್ಪಕ್ಕಿಂತ ಒಂದು ಚೂರು ಹೆಚ್ಚು. ಒಮ್ಮೆಗೇ ಸುರಿಯಬೇಡಿ, ಮೂರು ಸಲಕ್ಕೆ ಸೇರಿಸಿ. ಆಗ ಕಿವಿ ತೆರೆದಿಟ್ಟುಕೊಳ್ಳಿ. ಮೊದಲು ಅಂಗೈ ಕೆಳಗೆ ಕರಕರ ಎನ್ನುತ್ತದೆ. ಬರುಬರುತ್ತಾ ಆ ಸದ್ದು ಅಡಗುತ್ತದೆ. ಅಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಇನ್ನೂ ಉಜ್ಜಿದರೆ ಕೈ ಎತ್ತಿದಾಗಲೆಲ್ಲ ಪಚಪಚ ಎಂಬ ಇನ್ನೊಂದು ಸದ್ದು ಶುರುವಾಗುತ್ತದೆ. ಹಳದಿ ಬಣ್ಣ ಕೆನೆಯ ಬಣ್ಣಕ್ಕೆ ಬಂದು, ಅಲ್ಲಿಂದ ಬೆಳ್ಳಗಾಗುತ್ತದೆ. ಒಂದು ಮುಷ್ಟಿಯಷ್ಟಿದ್ದದ್ದು ಹರಿವಾಣದ ತುಂಬ ಹರಡಿಕೊಳ್ಳುತ್ತದೆ. ಅಂಗೈ ಬಿಸಿಯಾಗಿ ತುಪ್ಪ ಕರಗುತ್ತಿದೆ ಎನಿಸಿದರೆ ಎದ್ದು ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಒರೆಸಿಕೊಂಡು ಬಂದು ಕುಳಿತುಕೊಳ್ಳಿ. ಮಿಕ್ಸಿಗೆ ಹಾಕಿದರೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಬ್ಲೇಡಿನ ಬಿಸಿಗೆ ತುಪ್ಪ ಕರಗಿ ಎಣ್ಣೆಯಾಗುತ್ತದೆ, ಅಷ್ಟೇ.

ಹದ ಬಂದಿದೆಯೇ ಎಂದು ನೋಡಲು ಒಂದು ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡಿರಬೇಕು. ಕಡಲೆ ಕಾಳಿನಷ್ಟು ಮುದ್ದೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಉಜ್ಜಿದ್ದು ಸಾಲದು. ನಡುವೆ ತೂಗಾಡಿದರೂ ಸಾಲದು. ಬಿಟ್ಟ ಕೂಡಲೇ ಮೇಲೆ ಬಂದು ನಿಲ್ಲಬೇಕು. ತುಪ್ಪ ಹೇಗಿದ್ದರೂ ತೇಲುತ್ತದಲ್ಲ ಅಜ್ಜಿ, ಇದೆಂಥ ಪರೀಕ್ಷೆ ಎಂದು ನಮ್ಮ ಮೊಮ್ಮಗ ವಾದಕ್ಕೆ ನಿಂತಿದ್ದ. ಬರಿಯ ತುಪ್ಪ ತೇಲುತ್ತದೆ ಕಣಪ್ಪಾ, ಆದರೆ ಈಗ ಅದರ ಬೆನ್ನ ಮೇಲೆ ಸಕ್ಕರೆಯ ಭಾರವಿದೆ. ಆ ಭಾರವನ್ನೂ ಹೊತ್ತು ತೇಲಬೇಕಾದರೆ ಒಳಗೆ ಗಾಳಿ ಸೇರಿರಬೇಕು. ಸಕ್ಕರೆಯ ಸಣ್ಣ ಸಣ್ಣ ಕಣ ತುಪ್ಪವನ್ನು ಗೀರಿ ಗೀರಿ ಗಾಳಿ ತುಂಬುತ್ತದೆ, ಓವನ್ನಿನಲ್ಲಿ ಆ ಗಾಳಿಯೇ ಹಿಗ್ಗಿ ಬಿಲ್ಲೆಯನ್ನು ಹಗುರ ಮಾಡುತ್ತದೆ. ಇದನ್ನು ಕೇಳಿದ ಮೇಲೆ ಅವನೇ ಕುಳಿತು ಉಜ್ಜಿದ. ತೋಳು ನೋವು ಎಂದು ನಡುವೆ ಎದ್ದು ಹೋಗಲು ನೋಡಿದ, ಬಿಡಲಿಲ್ಲ.

ಸೋಡಾವನ್ನು ಈ ಹಂತದಲ್ಲೇ, ಒಂದು ಚಿಟಿಕೆಗಿಂತ ಹೆಚ್ಚಾಗದಂತೆ, ಸೇರಿಸಿ ಇನ್ನೆರಡು ಸಲ ಉಜ್ಜಿ. ಜಾಸ್ತಿ ಹಾಕಿದರೆ ಬೇಗ ಕೆಂಪಾಗಿ ನಾಲಿಗೆಗೆ ಸೋಪಿನ ರುಚಿ ಹತ್ತುತ್ತದೆ. ಮೈದಾ, ಅದರ ಕಾಲು ಭಾಗ ಕಡಲೆ ಹಿಟ್ಟು, ಒಂದು ಹಿಡಿ ಚಿರೋಟಿ ರವೆ, ಏಲಕ್ಕಿ ಪುಡಿ, ಒಂದು ಹರಳಿನಷ್ಟು ಉಪ್ಪು ಎಲ್ಲವನ್ನೂ ಒಟ್ಟಿಗೆ ಜರಡಿ ಹಿಡಿದು ಮೇಲೆ ಉದುರಿಸಿ. ಇಲ್ಲಿಂದ ಮುಂದೆ ನಿಮ್ಮ ಅಂಗೈಗೆ ಕೆಲಸವಿಲ್ಲ. ಬೆರಳ ತುದಿಯಲ್ಲಿ ಮಗುವಿನ ತಲೆಗೆ ಎಣ್ಣೆ ಹಚ್ಚಿದಷ್ಟು ಮೃದುವಾಗಿ ಬೆರೆಸಿ, ಮುದ್ದೆಯಾದ ಕೂಡಲೇ ಕೈ ತೆಗೆಯಿರಿ. ಉದುರುತ್ತಿದೆ ಎಂದು ಹಾಲು ಹಾಕಬೇಡಿ, ಇನ್ನೊಂದು ಬೆರಳು ತುಪ್ಪ ಹಾಕಿ. ಅರ್ಧ ಗಂಟೆ ಮುಚ್ಚಿಟ್ಟ ಮೇಲೆ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಮೆಲ್ಲನೆ ಚಪ್ಪಟೆ ಮಾಡಿ, ಎರಡೆರಡು ಬೆರಳು ಬಿಟ್ಟು ಜೋಡಿಸಿ. ಜಾಗ ಉಳಿಸಲು ಒತ್ತೊತ್ತಾಗಿ ಇಡುವವರಿಗೆ ಕೊನೆಯಲ್ಲಿ ಸಿಗುವುದು ಒಂದೇ ಒಂದು ದೊಡ್ಡ ಬಿಸ್ಕತ್ತು.

ಇಪ್ಪತ್ತು ನಿಮಿಷದ ಆಸುಪಾಸು. ಮೊದಲ ಹನ್ನೆರಡು ನಿಮಿಷ ಬಾಗಿಲಿಗೆ ಕೈ ಹಾಕಬೇಡಿ. ಎರಡು ನಿಮಿಷಕ್ಕೊಮ್ಮೆ ತೆರೆದು ಫೋಟೋ ತೆಗೆಯುವುದೇ ಆದರೆ ಕಾವು ಉಳಿಯುವುದು ಹೇಗೆ? ಮೇಲೆ ಬಿರುಕು ಬಿಟ್ಟು, ತಳದ ಅಂಚು ಮಾತ್ರ ತೆಳುವಾಗಿ ಕೆಂಪಾದರೆ ಬೆಂದಿದೆ. ಮುಟ್ಟಿದರೆ ಮೆತ್ತಗಿರುತ್ತದೆ, ಮೆತ್ತಗೇ ಇರಬೇಕು. ಗಟ್ಟಿಯಾಗಲಿ ಎಂದು ಮತ್ತೆ ಒಳಗೆ ತಳ್ಳಿದರೆ ಕೆಟ್ಟಿತು. ತಟ್ಟೆಯಲ್ಲೇ ಬಿಟ್ಟರೆ ತಣಿಯುತ್ತಾ ತಾನಾಗಿ ಗರಿಯಾಗುತ್ತದೆ.

ಖಾರಾ ಬಿಸ್ಕತ್ತಿಗೆ ಇಷ್ಟು ಉಜ್ಜುವ ಕಷ್ಟವಿಲ್ಲ. ಇದಕ್ಕೆ ಬೆಣ್ಣೆಯೂ ನಡೆಯುತ್ತದೆ. ಮೈದಾಕ್ಕೆ ಅದರ ಅರ್ಧದಷ್ಟು ಬೆಣ್ಣೆ ಸೇರಿಸಿ ಪುಡಿಪುಡಿಯಾಗುವಂತೆ ಬೆರಳಲ್ಲಿ ತಿಕ್ಕಿದರೆ ಸಾಕು. ಉಪ್ಪು, ಜೀರಿಗೆ, ಒಂದು ಚಮಚ ಸಕ್ಕರೆ, ಚಿಟಿಕೆ ಸೋಡಾ, ಅದನ್ನು ಎಬ್ಬಿಸಲು ಹುಳಿ ಮೊಸರು, ಅದೂ ಮುದ್ದೆ ಕೂಡಿಕೊಳ್ಳುವಷ್ಟೇ. ಎಲ್ಲರೂ ಎಡವುವುದು ಹಸಿಮೆಣಸಿನಕಾಯಿಯಲ್ಲಿ. ಮೆಣಸಿನಕಾಯಿ, ಶುಂಠಿ, ಕೊತ್ತಂಬರಿಗೆ ನೀರು ಹಾಕಿ ಮಿಕ್ಸಿಯಲ್ಲಿ ಅರೆದು ಸುರಿಯುತ್ತಾರೆ. ಹಿಟ್ಟು ಹಸಿರಾಗುತ್ತದೆ, ಬಿಸ್ಕತ್ತು ಸಂಜೆಗೇ ಮೆತ್ತಗಾಗುತ್ತದೆ. ಸೊಪ್ಪನ್ನು ಬೆಳಗ್ಗೆಯೇ ತೊಳೆದು ಬಟ್ಟೆಯ ಮೇಲೆ ಆರಹಾಕಿರಬೇಕು. ಮೆಣಸಿನಕಾಯಿ, ಕರಿಬೇವನ್ನು ಸಣ್ಣಗೆ ಹೆಚ್ಚಬೇಕು, ಶುಂಠಿಯನ್ನು ಜಜ್ಜಿ ಹಿಂಡಿ ಹಾಕಬೇಕು. ಕಾಲು ಬೆರಳು ದಪ್ಪಕ್ಕೆ ಲಟ್ಟಿಸಿ, ಡಬ್ಬಿಯ ಮುಚ್ಚಳದಲ್ಲಿ ಕತ್ತರಿಸಿ, ಫೋರ್ಕಿನಲ್ಲಿ ಚುಚ್ಚಿ. ಚುಚ್ಚದಿದ್ದರೆ ಪೂರಿ ಉಬ್ಬಿದ ಹಾಗೆ ಉಬ್ಬಿ ಒಳಗೆ ಹಸಿಯಾಗಿ ಉಳಿಯುತ್ತದೆ. ಇದು ಮಾತ್ರ ನಾನ್ ಖಟಾಯಿಗಿಂತ ಹೆಚ್ಚು ಹೊತ್ತು ಬೇಯಬೇಕು, ಮೇಲೂ ಚೆನ್ನಾಗಿ ಕೆಂಪಾಗಬೇಕು.

ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಜಡಿಯುವವರಿಗೆ ಏನೆಂದು ಹೇಳಲಿ? ಪೂರ್ತಿ ತಣಿಯಲಿ. ಡಬ್ಬಿಯನ್ನು ಬಿಸಿಲಿಗಿಟ್ಟು ಒಣಗಿಸಿರಿ, ಮುಚ್ಚಳದ ಸುತ್ತಿನ ಸಂದಿಯನ್ನೂ ಒರೆಸಿರಿ, ನೀರು ಅಡಗಿರುವುದು ಅಲ್ಲೇ. ಖಾರಕ್ಕೆ ಒಂದು ಡಬ್ಬಿ, ಸಿಹಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ತುಂಬಿ ನಡುವೆ ಕಾಗದ ಇಟ್ಟಿದ್ದೇನೆ ಎನ್ನಬೇಡಿ. ಶುಂಠಿಯ ಘಾಟಿಗೆ ಕಾಗದ ಯಾವ ಲೆಕ್ಕ?