ಮಗುವಿನ ಖರ್ಚು ಯಾರ ಸಂಬಳದಿಂದ?

ಪೀಣ್ಯದ ಚಿಕ್ಕ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನಾನು 2018ರಲ್ಲಿ ತಾಯಿಯಾದೆ. ಅದರ ಹಿಂದಿನ ವರ್ಷದ ಕಾನೂನು ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದ್ದರಿಂದ, ಕೆಲಸ ಬಿಡಬೇಕೇ ಉಳಿಸಿಕೊಳ್ಳಬೇಕೇ ಎಂದು ನಿಧಾನವಾಗಿ ಯೋಚಿಸಲು ನನಗೆ ಅವಕಾಶವಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದು ಅದೇ ತಿದ್ದುಪಡಿ ಹೇಳಿತ್ತಾದರೂ ನಮ್ಮಲ್ಲಿ ಅಷ್ಟು ಜನರಿರಲಿಲ್ಲ. ಮನೆಯ ಹತ್ತಿರದ ಡೇ ಕೇರ್ ಒಂದೇ ದಾರಿಯಾಗಿತ್ತು.

ಡೇ ಕೇರ್ ಶುಲ್ಕ, ಓಡಾಟದ ಖರ್ಚು, ಮನೆಗೆಲಸಕ್ಕೆ ಬರುವವರ ಸಂಬಳ ಇವೆಲ್ಲವನ್ನೂ ನನ್ನ ಸಂಬಳದಲ್ಲಿ ಕಳೆದು, 'ಇಷ್ಟಕ್ಕಾಗಿ ಯಾಕೆ ಒದ್ದಾಡಬೇಕು' ಎಂದು ನೆಂಟರಿಷ್ಟರು ಕೇಳಿದರು. ಈ ಲೆಕ್ಕವನ್ನು ನಾನು ಒಪ್ಪಲಿಲ್ಲ. ಮಗು ಇಬ್ಬರದಾದ ಮೇಲೆ ಅದರ ಖರ್ಚನ್ನು ಇಬ್ಬರ ಸಂಬಳದಿಂದಲೂ ಕಳೆಯಬೇಕು. ಮೇಲಾಗಿ, ಕೆಲಸ ಬಿಟ್ಟರೆ ನಿಲ್ಲುವುದು ತಿಂಗಳ ಸಂಬಳವೊಂದೇ ಅಲ್ಲ: ಮೂಲ ವೇತನದ ಶೇ. 12ರಷ್ಟು ನಾನು ಕಟ್ಟುತ್ತಿದ್ದ ಭವಿಷ್ಯ ನಿಧಿಯ ವಂತಿಗೆ, ಅದರ ಜೊತೆಗೆ ಬರುವ ಮಾಲೀಕರ ಪಾಲು, ಐದು ವರ್ಷ ತುಂಬಿದರೆ ಸಿಗುವ ಗ್ರಾಚ್ಯುಟಿ, ಹತ್ತು ವರ್ಷದ ಸೇವೆಯಿಂದ ದಕ್ಕುವ ಪಿಂಚಣಿಯ ಅರ್ಹತೆ, ಇವೆಲ್ಲ ಹೋಗುತ್ತವೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪತಿಯ ಮುಂದಿಟ್ಟೆ. ಅವರು ಎರಡು ಸಲ ಓದಿ, ಡೇ ಕೇರ್ ಶುಲ್ಕವನ್ನು ತಮ್ಮ ಖಾತೆಯಿಂದಲೇ ಕಟ್ಟುವುದಾಗಿ ಹೇಳಿದರು.

ತಿಪಟೂರಿನ ಹತ್ತಿರದ ಊರಿನಲ್ಲಿ ತೋಟ, ದನಕರು ನೋಡಿಕೊಳ್ಳುವ ಅತ್ತೆಯವರು ನಮ್ಮಲ್ಲೇ ಬಂದು ಇರಲಿ ಎಂದು ಕೇಳುವುದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಅದೂ ದುಡಿಮೆಯೇ. ಬಾಣಂತನ ಮುಗಿಸಿ ಹೊರಡುವಾಗ ಅವರೇ, "ಕೆಲ್ಸ ಬಿಟ್ರೆ ಮತ್ತೆ ಸಿಗ್ತದೇನವ್ವ? ಮಗ ಇನ್ನೇನು ಇಸ್ಕೂಲಿಗೆ ಹೋಗ್ತದೆ" ಎಂದರು.

ಹಣಕ್ಕಿಂತ ಕಷ್ಟವಾದದ್ದು ಹೊತ್ತಿನ ಹಂಚಿಕೆ. ಡೇ ಕೇರ್‌ನ ಅರ್ಜಿಯಲ್ಲಿ ತುರ್ತು ಕರೆಗೆಂದು ಮೊದಲು ಪತಿಯ ದೂರವಾಣಿ ಸಂಖ್ಯೆಯನ್ನು ಬರೆದೆವು. ಅಷ್ಟು ಸಣ್ಣ ಬದಲಾವಣೆಯಿಂದ, ಜ್ವರವೆಂದಾಗಲೆಲ್ಲ ನಾನೇ ಕೆಲಸ ಬಿಟ್ಟು ಓಡಬೇಕಾದ ಪ್ರಮೇಯ ತಪ್ಪಿತು. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದುದರಿಂದ ಅದರ ಹಿಂದಿನ ದಿನಗಳಲ್ಲಿ ಸಂಜೆ ಮಗುವನ್ನು ಕರೆತರುವುದು, ಅನ್ನ ಕಲಸಿ ತಿನ್ನಿಸುವುದು, ಮಲಗಿಸುವುದು ಅವರ ಪಾಲಿಗೆ ಬಂತು. ಅವರ ಕಚೇರಿಯಲ್ಲಿ ಕೆಲಸ ಹೆಚ್ಚಿರುವ ವಾರಗಳಲ್ಲಿ ನನ್ನ ಪಾಲಿಗೆ. ಆರಂಭದಲ್ಲಿ ಮಗು ಬಾಗಿಲಲ್ಲಿ ಅಳುವಾಗ ನನ್ನ ಕರುಳು ಕಿವುಚಿದಂತಾಗುತ್ತಿತ್ತು, ಅದನ್ನು ಯಾವ ಹಾಳೆಯಲ್ಲೂ ಬರೆಯಲಾಗದು.

ನನ್ನ ತಂಗಿಯ ನಿರ್ಧಾರ ಬೇರೆಯಾಯಿತು. ಮಗನಿಗೆ ಮಾತು ತಡವಾಗಿ, ವಾರದಲ್ಲಿ ಹಲವು ಸಲ ಚಿಕಿತ್ಸೆಗೆ ಕರೆದೊಯ್ಯಬೇಕಾದ್ದರಿಂದ ಅವಳು ಕೆಲಸ ಬಿಟ್ಟಳು, ಮತ್ತು ಅದು ಅವಳ ಮಟ್ಟಿಗೆ ಸರಿಯೆಂದೇ ನಾನು ನಂಬುತ್ತೇನೆ. ಆದರೆ ರಾಜೀನಾಮೆ ಕೊಡುವ ಮೊದಲೇ ಅವಳ ಹೆಸರಿನಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ ಎಂಬ ದೀರ್ಘಾವಧಿ ಉಳಿತಾಯ) ಖಾತೆ ತೆರೆಸಬೇಕೆಂದು ನಾನು ಹಟ ಹಿಡಿದೆ. ಅವಳ ಗಂಡ ಪ್ರತಿ ತಿಂಗಳು ಸಂಬಳವಾದ ಕೂಡಲೇ, ಮನೆಯ ಬೇರೆ ಖರ್ಚಿಗಿಂತ ಮೊದಲು, ಅದಕ್ಕೆ ಹಣ ಕಟ್ಟುತ್ತಿದ್ದಾರೆ.